ನಿಂತ ಮೋಡ ನಡೆಯುವುದನ್ನು ನೋಡಲು: ಚಾರಣಿಗರಿಗೆ ಟೈಮ್‌ಲ್ಯಾಪ್ಸ್ ಪರಿಚಯ

ಕೊಡಚಾದ್ರಿಯ ಮೇಲೆ, ಸರ್ವಜ್ಞ ಪೀಠದ ಕಲ್ಲುಮಂಟಪದ ಹತ್ತಿರ, ಕೆಲವು ದಿನ ಮೋಡವೊಂದು ಬೆಟ್ಟದ ನೆತ್ತಿಗೆ ಅಂಟಿಕೊಂಡು ಅಲ್ಲಾಡದೆ ನಿಂತಂತೆ ಕಾಣುತ್ತದೆ. ಅದು ನಿಂತಿರುವುದಿಲ್ಲ. ಅರಬ್ಬೀ ಸಮುದ್ರದ ಕಡೆಯಿಂದ ಬರುವ ತೇವದ ಗಾಳಿ 1,343 ಮೀಟರ್ ಎತ್ತರದ ಈ ಬೆಟ್ಟಕ್ಕೆ ತಾಗಿ ಮೇಲೇರುತ್ತದೆ. ಏರುತ್ತ ತಣ್ಣಗಾಗುತ್ತದೆ, ಆಗ ಅದರೊಳಗಿನ ಆವಿ ಹನಿಗಟ್ಟಿ ಮೋಡವಾಗುತ್ತದೆ. ನೆತ್ತಿ ದಾಟಿ ಆಚೆ ಇಳಿಯುವಾಗ ಅದೇ ಗಾಳಿ ಬೆಚ್ಚಗಾಗಿ ಹನಿಗಳು ಮತ್ತೆ ಆವಿಯಾಗುತ್ತವೆ. ಅಂದರೆ ಈಚೆ ಕಡೆ ಮೋಡ ಹುಟ್ಟುತ್ತಲೇ ಇರುತ್ತದೆ, ಆಚೆ ಕಡೆ ಕರಗುತ್ತಲೇ ಇರುತ್ತದೆ. ಕಣ್ಣಿಗೆ ಇದು ತಿಳಿಯದು. ಕ್ಯಾಮೆರಾವನ್ನು ಕದಲದಂತೆ ಇಟ್ಟು, ಕೆಲವು ಸೆಕೆಂಡಿಗೊಂದರಂತೆ ಫೋಟೊ ತೆಗೆದು, ಎಲ್ಲವನ್ನೂ ಸಾಲಾಗಿ ಜೋಡಿಸಿ ವೇಗವಾಗಿ ಓಡಿಸಿದರೆ ಮೋಡ ಒಲೆಯ ಮೇಲಿನ ಹಾಲಿನ ಹಾಗೆ ಉಕ್ಕಿ ಹರಿಯುವುದು ಕಾಣುತ್ತದೆ. ಟೈಮ್‌ಲ್ಯಾಪ್ಸ್ ಎಂದರೆ ಇಷ್ಟೇ. ಚಾರಣಕ್ಕೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಹವ್ಯಾಸ ನನಗೆ ಗೊತ್ತಿಲ್ಲ.

ಹೊಸಬರು ಮೊದಲು ಕೇಳುವುದು ಯಾವ ಕ್ಯಾಮೆರಾ ಕೊಳ್ಳಬೇಕು ಎಂದು. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ಎದುರಿಗಿರುವುದರಲ್ಲಿ ಚಲಿಸುತ್ತಿರುವುದು ಯಾವುದು, ಅದರ ವೇಗ ಎಷ್ಟು? ಉಳಿದ ಲೆಕ್ಕವೆಲ್ಲ ಈ ಉತ್ತರದಿಂದಲೇ ಹೊರಡುತ್ತದೆ.

ಲೆಕ್ಕ ಕಷ್ಟದ್ದಲ್ಲ, ನಿಧಾನವಾಗಿ ನೋಡೋಣ. ವಿಡಿಯೊದಲ್ಲಿ ಒಂದು ಸೆಕೆಂಡಿಗೆ 25 ಚಿತ್ರಗಳು ಓಡುತ್ತವೆ ಎಂದಿಟ್ಟುಕೊಳ್ಳಿ. ಹತ್ತು ಸೆಕೆಂಡಿನ ತುಣುಕಿಗೆ 250 ಫೋಟೊ ಬೇಕು. ಎರಡು ಫೋಟೊಗಳ ನಡುವಿನ ಬಿಡುವಿಗೆ ಇಂಟರ್ವಲ್ ಎನ್ನುತ್ತಾರೆ. ಅದನ್ನು 4 ಸೆಕೆಂಡಿಗೆ ಇಟ್ಟರೆ 250 ಫೋಟೊಗೆ ಸುಮಾರು 17 ನಿಮಿಷ ಹಿಡಿಯುತ್ತದೆ, ಚಲನೆ 100 ಪಟ್ಟು ವೇಗವಾಗಿ ಕಾಣುತ್ತದೆ. ಘಟ್ಟದ ನೆತ್ತಿಯಲ್ಲಿ ಗಾಳಿಗೆ ಓಡುವ ಮೋಡಕ್ಕೆ 4 ಸೆಕೆಂಡು ಹೆಚ್ಚಾಯಿತು. ಮೋಡ ಒಂದು ಚಿತ್ರದಿಂದ ಇನ್ನೊಂದಕ್ಕೆ ಜಿಗಿದಂತಾಗುತ್ತದೆ. ಅಲ್ಲಿ 1 ಅಥವಾ 2 ಸೆಕೆಂಡು ಸಾಕು. ಬೆಳಗಿನ ಹೊತ್ತು ಕಣಿವೆಯಲ್ಲಿ ಮಲಗಿದ ಮಂಜು ಮೆಲ್ಲಗೆ ಏಳುವುದಕ್ಕೆ 5 ಸೆಕೆಂಡು ಹೊಂದುತ್ತದೆ. ಗುಡ್ಡದ ನೆರಳು ಕಾಡಿನ ಮೇಲೆ ಸರಿಯುವುದಕ್ಕೆ 15 ಸೆಕೆಂಡಿಗೂ ಹೆಚ್ಚು ಬೇಕಾದೀತು. ಹೂವು ಅರಳುವುದಕ್ಕಾದರೆ ನಿಮಿಷಗಳ ಲೆಕ್ಕ. ಬ್ರಿಟನ್ನಿನ ಪರ್ಸಿ ಸ್ಮಿತ್ 1910ರಷ್ಟು ಹಿಂದೆಯೇ ‘ದಿ ಬರ್ತ್ ಆಫ್ ಎ ಫ್ಲವರ್’ ಎಂಬ ಚಿತ್ರದಲ್ಲಿ ಮೊಗ್ಗುಗಳು ಅರಳುವುದನ್ನು ಈ ಉಪಾಯದಿಂದಲೇ ತೋರಿಸಿದ್ದರು.

ಸಲಕರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೈಯಲ್ಲಿರುವ ಫೋನು ಸಾಕು. ಈಗಿನ ಬಹುಪಾಲು ಫೋನುಗಳಲ್ಲಿ ಟೈಮ್‌ಲ್ಯಾಪ್ಸ್ ಆಯ್ಕೆ ಇದ್ದೇ ಇರುತ್ತದೆ. ಮಧ್ಯೆ ಕರೆ ಬಂದು ಕೆಡದಂತೆ ಏರೋಪ್ಲೇನ್ ಮೋಡ್ ಹಾಕಿ. ಆದರೆ ಟ್ರೈಪಾಡ್ ಮಾತ್ರ ಬೇಕೇಬೇಕು, ಅದರಲ್ಲಿ ಉಳಿತಾಯ ಮಾಡಬೇಡಿ. ಬೆಟ್ಟದ ತುದಿಯ ಗಾಳಿ ಸಾಮಾನ್ಯದ್ದಲ್ಲ. ಕಾಲುಗಳನ್ನು ಅಗಲಿಸಿ ತಗ್ಗಾಗಿ ನಿಲ್ಲಿಸಿ, ನಡುವಿನ ಕಂಬ ಎತ್ತಬೇಡಿ, ನಿಮ್ಮ ಬ್ಯಾಗನ್ನೇ ಅದಕ್ಕೆ ತೂಗುಹಾಕಿ. ಕ್ಯಾಮೆರಾ ಇದ್ದವರು ಫೋಕಸ್, ವೈಟ್ ಬ್ಯಾಲೆನ್ಸ್, ಶಟರ್, ಅಪರ್ಚರ್, ಐಎಸ್ಒ ಎಲ್ಲವನ್ನೂ ಮ್ಯಾನ್ಯುಅಲ್‌ನಲ್ಲಿ ಕಟ್ಟಿಹಾಕಬೇಕು. ಆಟೊದಲ್ಲಿ ಬಿಟ್ಟರೆ ಪ್ರತಿ ಫೋಟೊಗೂ ಕ್ಯಾಮೆರಾ ತನ್ನಷ್ಟಕ್ಕೆ ಬೆಳಕನ್ನು ಬದಲಿಸುತ್ತದೆ, ವಿಡಿಯೊ ಮಿಣುಕುತ್ತದೆ.

ಚೌಕಟ್ಟು ಕಟ್ಟುವಾಗ ಒಂದು ಮಾತು ನೆನಪಿಡಿ: ಅಲುಗಾಡದ್ದೊಂದು ಅದರಲ್ಲಿ ಇರಲಿ. ಬಂಡೆಯೋ ಕಲ್ಲುಮಂಟಪವೋ ಹತ್ತಿರದಲ್ಲಿದ್ದರೆ ಮೋಡದ ಓಟ ಎದ್ದು ಕಾಣುತ್ತದೆ. ಲೆನ್ಸಿನ ಮುಂದೆಯೇ ಹುಲ್ಲು ಬಂದರೆ ಅದು ಗಾಳಿಗೆ ತರತರ ನಡುಗಿ ನೋಡುವವರ ಕಣ್ಣು ದಣಿಸುತ್ತದೆ.

ಇನ್ನು ಚಾರಣದ ವಿಷಯ. ಬೆಟ್ಟ ಹತ್ತುವವರ ಗಮನವೆಲ್ಲ ಸಾಮಾನ್ಯವಾಗಿ ಮುಂದಿನ ತಿರುವಿನ ಮೇಲೆ. ಟೈಮ್‌ಲ್ಯಾಪ್ಸ್ ಮಾಡುವವರು ಒಂದೇ ಕಡೆ ಅರ್ಧ ಗಂಟೆ ಕೂರಬೇಕು. ಆ ಅರ್ಧ ಗಂಟೆಯನ್ನು ಮನೆಯಿಂದ ಹೊರಡುವ ಮೊದಲೇ ದಾರಿಯ ಲೆಕ್ಕದಲ್ಲಿ ಸೇರಿಸಿ, ಜೊತೆಗಾರರಿಗೂ ಹೇಳಿಡಿ. ಏರುವಾಗ ಬೆವರಿದ ಮೈ ಕೂತಾಗ ತಣಿದು ಚಳಿ ಹಿಡಿಯುತ್ತದೆ. ಒಂದು ದಪ್ಪ ಅಂಗಿ ಹೆಚ್ಚಿಗೆ ಇರಲಿ. ಕೊಡಚಾದ್ರಿಯಲ್ಲಿ ಜೀಪು ಹತ್ತಿ ಬಂದವರೂ ಮೂಲ ಮೂಕಾಂಬಿಕೆಯ ಗುಡಿಯಿಂದ ಮೇಲೆ ನಡೆದೇ ಹೋಗಬೇಕು. ಇದು ಮೂಕಾಂಬಿಕಾ ವನ್ಯಜೀವಿಧಾಮದ ಕಾಡು. ಪ್ರವೇಶದ ಅನುಮತಿ, ಕೆಳಗಿಳಿಯಬೇಕಾದ ಹೊತ್ತು ಎರಡನ್ನೂ ಅರಣ್ಯ ಇಲಾಖೆಯವರಲ್ಲಿ ಕೇಳಿಕೊಂಡೇ ಹೊರಡಿ. ಒಳ್ಳೆಯ ಕೋನಕ್ಕಾಗಿ ದಾರಿ ಬಿಟ್ಟು ಹುಲ್ಲುಗಾವಲು ತುಳಿಯುವುದು ತಪ್ಪು. ಒಬ್ಬರು ತುಳಿದ ಜಾಗ ಮುಂದಿನವರಿಗೆ ಕಾಲುದಾರಿಯಾಗುತ್ತದೆ, ಮಳೆಗಾಲದಲ್ಲಿ ಅಲ್ಲಿಯ ಮಣ್ಣು ಕೊಚ್ಚಿಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಂಜು, ಇಂಬಳಗಳ ಕಾಲ. ಮೋಡದೊಳಗೇ ನಿಂತವರಿಗೆ ಮೋಡ ಕಾಣುವುದಿಲ್ಲ. ಮಳೆ ಹಿಂದೆ ಸರಿಯುವ ಅಕ್ಟೋಬರ್, ನವೆಂಬರ್ ನನಗೆ ಎಲ್ಲಕ್ಕಿಂತ ಇಷ್ಟ. ಆಗ ಆಕಾಶವೂ ತೆರೆದಿರುತ್ತದೆ, ಮೋಡವೂ ಇರುತ್ತದೆ.

ಸೂರ್ಯಾಸ್ತದ ಆಸೆ ಎಲ್ಲರಿಗೂ ಇರುತ್ತದೆ. ಕತ್ತಲಲ್ಲಿ ಕಾಡಿನ ದಾರಿ ಇಳಿಯುವ ಅಪಾಯ ಹೊಸಬರಿಗೆ ಬೇಡ. ಅದಕ್ಕೆ ಕೆಳಗೆ ಕಡಲ ತೀರದ ಮರವಂತೆಗೆ ಬನ್ನಿ. ಕೊಡಚಾದ್ರಿಯ ಕಡೆಯಿಂದ ಕೊಲ್ಲೂರಿನ ಮೇಲೆ ಹರಿದು ಬರುವ ಸೌಪರ್ಣಿಕಾ ಹೊಳೆ ಇಲ್ಲಿ ಹೆದ್ದಾರಿಯ ಒಂದು ಪಕ್ಕ, ಕಡಲು ಇನ್ನೊಂದು ಪಕ್ಕ. ಬೆಟ್ಟದಲ್ಲಿ ಮೋಡವಾಗಿ ನೋಡಿದ ನೀರೇ ಇಲ್ಲಿ ಹೊಳೆಯಾಗಿ ಬಂದಿದೆ.

ಸೂರ್ಯನ ಬಿಂಬ ಕಡಲನ್ನು ಮುಟ್ಟಿದ ಮೇಲೆ ಪೂರ್ತಿ ಮುಳುಗಲು ತೆಗೆದುಕೊಳ್ಳುವುದು ಎರಡು ನಿಮಿಷಕ್ಕೆ ಸ್ವಲ್ಪ ಹೆಚ್ಚು. 4 ಸೆಕೆಂಡಿನ ಇಂಟರ್ವಲ್‌ನಲ್ಲಿ ಅದು ವಿಡಿಯೊದ ಒಂದೂವರೆ ಸೆಕೆಂಡು ಕೂಡ ಆಗದು. ಜನ ಅಷ್ಟಕ್ಕೇ ಕ್ಯಾಮೆರಾ ಮಡಚಿ ಹೊರಟುಬಿಡುತ್ತಾರೆ! ನಿಜವಾದ ಬಣ್ಣ ಆಮೇಲಿನ 20 ನಿಮಿಷದಲ್ಲಿದೆ; ಅದೊಂದೇ 12 ಸೆಕೆಂಡಿನ ತುಣುಕಾಗುತ್ತದೆ. ಕತ್ತಲಾಗುವಾಗ ಮಾತ್ರ ಮೇಲಿನ ನಿಯಮ ಸ್ವಲ್ಪ ಸಡಿಲಿಸಿ. ಅಪರ್ಚರ್ ಮತ್ತು ಐಎಸ್ಒ ಕಟ್ಟಿಟ್ಟು, ಶಟರ್ ವೇಗವನ್ನಷ್ಟೇ ಕ್ಯಾಮೆರಾಕ್ಕೆ ಬಿಡಿ. ಶಟರ್ ತೆರೆದಿರುವ ಹೊತ್ತು ಹಿಗ್ಗುತ್ತ ಹೋಗಿ ಇಂಟರ್ವಲ್‌ನ ಹತ್ತಿರ ಬಂದಾಗ ನಿಲ್ಲಿಸಿ. ಮನೆಗೆ ಬಂದ ಮೇಲೆ ಫೋಟೊಗಳ ಸಾಲನ್ನು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ವಿಡಿಯೊ ಮಾಡಬಹುದು. ಮೆಮೊರಿ ಕಾರ್ಡನ್ನು ಅಳಿಸುವ ಮೊದಲು ವಿಡಿಯೊವನ್ನು ಒಮ್ಮೆ ಪೂರ್ತಿ ಓಡಿಸಿ ನೋಡಿ.