ಎಕೋ ನಾರ್ಮಲ್ ಬಂದರೂ ಎದೆ ಬಿಗಿಯುವುದೇಕೆ?

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುವ, ಐವತ್ತು ದಾಟಿದ ಒಬ್ಬರು ಫೈಲು ಹಿಡಿದು ಬಂದಿದ್ದರು. "ಸಾಹೇಬ್ರ, ಎಕೋ ಮಾಡ್ಸೀನ್ರಿ, ಎಲ್ಲಾ ನಾರ್ಮಲ್ ಐತಂತ. ಆದ್ರ ಚೀಲ ಹೊತ್ತು ನಾಕು ಹೆಜ್ಜಿ ಇಟ್ರ ಎದಿ ಬಿಗೀತೈತ್ರಿ. ಕುಂತ್ರ ಹೋಗ್ತೈತಿ." ಗ್ಯಾಸ್ ಎಂದುಕೊಂಡು ತಿಂಗಳಿಂದ ಸೋಡಾ ಕುಡಿಯುತ್ತಿದ್ದರಂತೆ! ವರದಿ ಸುಳ್ಳಾಗಿರಲಿಲ್ಲ. ಅದರಿಂದ ಅವರು ಪಡೆದ ಧೈರ್ಯ ಮಾತ್ರ ತಪ್ಪಾಗಿತ್ತು.

ಎಕೋ ಎಂದರೆ ಹೃದಯದ ಅಲ್ಟ್ರಾಸೌಂಡ್. ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್ 1953ರಲ್ಲಿ ಇದಕ್ಕೆ ನಾಂದಿ ಹಾಡಿದರು. ಇದರಲ್ಲಿ ಕ್ಷ-ಕಿರಣವಿಲ್ಲ, ನೋವಿಲ್ಲ. ಕವಾಟಗಳು, ಹೃದಯದ ಗೋಡೆಗಳ ಚಲನೆ, ಪಂಪಿನ ಶಕ್ತಿ ಚೆನ್ನಾಗಿ ತಿಳಿಯುತ್ತವೆ. ಹಿಂದೆ ಹೃದಯಾಘಾತವಾಗಿದ್ದರೆ ಆ ಭಾಗದ ಗೋಡೆ ಸರಿಯಾಗಿ ಕುಗ್ಗದಿರುವುದು ಸಾಮಾನ್ಯವಾಗಿ ಕಾಣುತ್ತದೆ. ಆದರೆ ಹೃದಯಕ್ಕೇ ರಕ್ತ ಒದಗಿಸುವ ಪರಿಧಮನಿಗಳು ಕೇವಲ 3-4 ಮಿಲಿಮೀಟರ್ ಅಗಲದವು. ಅವುಗಳೊಳಗಿನ ಅಡಚಣೆ ಸಾಮಾನ್ಯ ಎಕೋದಲ್ಲಿ ಕಾಣುವುದಿಲ್ಲ.

ಕಾಲುವೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೂಳು ತುಂಬಿದ್ದರೂ ಬೆಳೆಗೆ ಕಡಿಮೆ ನೀರು ಸಾಕಾದಾಗ ಕೊರತೆ ಗೊತ್ತಾಗುವುದಿಲ್ಲ. ಬೇಡಿಕೆ ಹೆಚ್ಚಿದಾಗ ಕೊನೆಯ ಹೊಲ ಒಣಗುತ್ತದೆ. ಹೃದಯದ್ದೂ ಇದೇ ಕಥೆ. ರಕ್ತನಾಳ ಶೇ. 70ರಷ್ಟು ಕಿರಿದಾಗಿದ್ದರೂ ಮಂಚದ ಮೇಲೆ ಮಲಗಿದವರ ಹೃದಯ ಚೆನ್ನಾಗಿಯೇ ಬಡಿಯಬಹುದು.

ಆದ್ದರಿಂದಲೇ 'ಸ್ಟ್ರೆಸ್ ಎಕೋ'. ಟ್ರೆಡ್‌ಮಿಲ್ ಮೇಲೆ ನಡೆಸಿ, ನಡೆಯಲಾಗದವರಿಗೆ ಡೊಬುಟಮಿನ್ ಔಷಧಿಯನ್ನು ರಕ್ತನಾಳಕ್ಕೆ ಹರಿಸಿ, ಹೃದಯದ ಬಡಿತ ಹೆಚ್ಚಿಸುತ್ತಾರೆ. ಶ್ರಮದ ಮುಂಚಿನ ಮತ್ತು ನಂತರದ ಚಿತ್ರಗಳನ್ನು ಹೋಲಿಸುತ್ತಾರೆ. ರಕ್ತ ಸಾಲದ ಗೋಡೆ ಆಗ ಸೋಲುತ್ತದೆ. ಇದನ್ನು ತಜ್ಞರ ಎದುರಿಗೇ ಮಾಡಿಸಬೇಕು. ಅಡಚಣೆ ಎಲ್ಲಿ, ಎಷ್ಟು ಎಂಬುದನ್ನು ಆಂಜಿಯೋಗ್ರಾಂ ತೋರಿಸುತ್ತದೆ.

ನಮ್ಮ ಹಮಾಲರನ್ನು ಹುಬ್ಬಳ್ಳಿಗೆ ಕಳಿಸಿದೆ. ಶ್ರಮದ ನಂತರ ಹೃದಯದ ಮುಂಭಾಗದ ಗೋಡೆ ಸೋತಿತ್ತು. ಆಂಜಿಯೋಗ್ರಾಂ ನಂತರ ಸ್ಟೆಂಟ್ ಹಾಕಿದರು. ಈಗ ಮಗ ಚೀಲ ಹೊರುತ್ತಾನೆ, ಇವರು ಲೆಕ್ಕ ಬರೆಯುತ್ತಾರೆ.

ಸಕ್ಕರೆ ಕಾಯಿಲೆಯವರಲ್ಲಿ ಹಾಗೂ ಹೆಣ್ಣುಮಕ್ಕಳಲ್ಲಿ ಎದೆನೋವೇ ಬಾರದೆ ಬರೀ ಏದುಸಿರು, ಸುಸ್ತು ಕಾಣಿಸಬಹುದು. "ಮನೆಗೆಲಸ ಜಾಸ್ತಿ ಆಗಿರಬೇಕು" ಎಂದು ಮನೆಯವರು ತಳ್ಳಿಹಾಕುವುದನ್ನು ಹಾವೇರಿ, ರಾಣೆಬೆನ್ನೂರು ಕಡೆ ಬಹಳ ನೋಡಿದ್ದೇನೆ.

ಕುಳಿತಲ್ಲೇ ಎದೆನೋವು ಬಂದು ಬೆವರಿಳಿದರೆ ಎಕೋ ಮಾಡುವ ಕೇಂದ್ರ ಹುಡುಕುತ್ತ ಅಲೆಯಬೇಡಿ. 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆ ಸೇರಿ, ಮೊದಲು ಇ.ಸಿ.ಜಿ. ತೆಗೆಸಿ. ಅದೂ ನಾರ್ಮಲ್ ಬಂದು ನೋವು ಹಾಗೇ ಇದ್ದರೆ ಮನೆಗೆ ಹೊರಡಬೇಡಿ. ಕೆಲ ಹೊತ್ತಿನ ನಂತರ ಮತ್ತೊಮ್ಮೆ ಇ.ಸಿ.ಜಿ., ಜೊತೆಗೆ ಟ್ರೋಪೊನಿನ್ ರಕ್ತಪರೀಕ್ಷೆ ಆಗಬೇಕು.