ಬಿಸಿಲು, ಗಾಳಿ, ನೀರು: ಈ ಶಕ್ತಿಗಳ ಉದ್ಯೋಗಕ್ಕೆ ತಕ್ಕ ವಿದ್ಯೆ

ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಕೂಡಲೆ ಪ್ರತಿಯೊಂದು ಮನೆಯಲ್ಲಿಯೂ "ಮುಂದೇನು?" ಎಂಬ ಪ್ರಶ್ನೆ ಏಳುತ್ತದೆ. ಉದ್ಯೋಗಕ್ಕಾಗಿ ಕಲ್ಕತ್ತೆಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಈ ಪ್ರಶ್ನೆಯ ಭಾರ ಇನ್ನೂ ಹೆಚ್ಚು. ಕೂಡಿಟ್ಟ ಹಣ ಸ್ವಲ್ಪ. ಸಲಹೆ ಹೇಳಬಲ್ಲ ಬಂಧುಗಳು ದೂರದ ಊರಿನಲ್ಲಿರುವರು. ಒಮ್ಮೆ ದಾರಿ ತಪ್ಪಿದರೆ ಕಳೆದ ಎರಡು ಮೂರು ವರ್ಷಗಳೂ ಹೆತ್ತವರ ದುಡಿಮೆಯ ಹಣವೂ ಮರಳಿ ಬರುವುದಿಲ್ಲ. ಈಚೆಗೆ ಸೌರಶಕ್ತಿ, ವಾಯುಶಕ್ತಿಗಳ ಉದ್ಯೋಗಗಳ ಮಾತು ಪತ್ರಿಕೆಗಳಲ್ಲಿಯೂ ಜಾಹೀರಾತುಗಳಲ್ಲಿಯೂ ಬಹಳವಾಗಿ ಕೇಳಿಬರುತ್ತಿದೆ. ನಮ್ಮ ವಿದ್ಯಾರ್ಥಿಗಳು ಆ ಕಡೆಗೆ ಹೋಗಬಯಸಿದಲ್ಲಿ ಯಾವ ವಿದ್ಯೆಯನ್ನು ಯಾವ ಕ್ರಮದಿಂದ ಪಡೆಯಬೇಕು ಎಂಬುದನ್ನು ಇಲ್ಲಿ ಸ್ಥೂಲವಾಗಿ ವಿವೇಚಿಸೋಣ.

ಹಳೆಯ ವಿದ್ಯೆ, ಹೊಸ ಹೆಸರು

ಕಲ್ಲಿದ್ದಲನ್ನೂ ತೈಲವನ್ನೂ ಒಮ್ಮೆ ಸುಟ್ಟರೆ ಅವು ಮುಗಿದವು. ಬಿಸಿಲು, ಗಾಳಿ, ಹರಿಯುವ ನೀರು, ಸಗಣಿ ಮತ್ತು ಬೆಳೆಯ ಉಳಿಕೆಗಳು ಹಾಗಲ್ಲ. ಪ್ರಕೃತಿಯು ಅವನ್ನು ಮತ್ತೆ ಮತ್ತೆ ಒದಗಿಸುತ್ತಿರುತ್ತದೆ. ಆದುದರಿಂದ ಇವುಗಳಿಂದ ಪಡೆಯುವ ಶಕ್ತಿಗೆ ನವೀಕರಿಸಬಹುದಾದ ಶಕ್ತಿಯೆಂದು ಹೆಸರು.

ಹೆಸರು ಹೊಸದಾದರೂ ಕೆಲಸ ಹೊಸದಲ್ಲ. ನಾವಿರುವ ಬಂಗಾಳದಲ್ಲಿಯೇ, ಡಾರ್ಜಿಲಿಂಗಿನ ಬಳಿಯ ಸಿದ್ರಾಪೊಂಗ್ ಎಂಬಲ್ಲಿ, 1897ರಲ್ಲಿ ನೀರಿನ ಬಲದಿಂದ ವಿದ್ಯುತ್ತನ್ನು ತೆಗೆದರು. ನಮ್ಮ ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ವಿದ್ಯುತ್ತು ಹರಿಯಿತು. ಆ ಕಾಲದಲ್ಲಿ ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸುವುದು ಲೋಕದಲ್ಲಿಯೇ ಅಪೂರ್ವವಾದ ಸಾಹಸವಾಗಿತ್ತು. ಮುಂದೆ ಶರಾವತಿಯ ಕಣಿವೆಯಲ್ಲಿ 1,035 ಮೆಗಾವ್ಯಾಟಿನ ಕೇಂದ್ರ ಬಂದಿತು. ಈಗ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಗಳ ಮೇಲೆ ಹರಡಿದ 2,050 ಮೆಗಾವ್ಯಾಟಿನ ಸೌರ ಉದ್ಯಾನವಿದೆ. 2019ರ ಕೊನೆಯ ವೇಳೆಗೆ ಅದು ಪೂರ್ಣಗೊಂಡಿತು. ಆ ಭೂಮಿಯನ್ನು ರೈತರಿಂದ ಕ್ರಯಕ್ಕೆ ಕೊಳ್ಳದೆ ಗುತ್ತಿಗೆಗೆ ಪಡೆದಿರುವುದು ಗಮನಾರ್ಹವಾದ ಸಂಗತಿ.

ಇಡೀ ದೇಶದ ಸ್ಥಿತಿಯನ್ನು ನೋಡಿದರೆ, 2025ರ ನಡುವಿನ ವೇಳೆಗೆ ಭಾರತದಲ್ಲಿ ಸ್ಥಾಪಿತವಾದ ವಿದ್ಯುದುತ್ಪಾದನ ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ತೈಲ, ಅನಿಲಗಳನ್ನುಳಿದ ಮೂಲಗಳದಾಯಿತು. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ರಾತ್ರಿ ಬಿಸಿಲಿಲ್ಲ, ಎಲ್ಲ ದಿನವೂ ಗಾಳಿಯಿಲ್ಲ. ಆದುದರಿಂದ ವಾಸ್ತವವಾಗಿ ಉತ್ಪನ್ನವಾಗುವ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಇಂದಿಗೂ ಕಲ್ಲಿದ್ದಲಿನದೇ. ಮುಂದಿನ ಪೀಳಿಗೆಗೆ ಮಾಡಬೇಕಾದ ಕೆಲಸ ಧಾರಾಳವಾಗಿ ಉಳಿದಿದೆ ಎಂಬುದಕ್ಕೆ ಇದೇ ಸಾಕ್ಷಿ.

ಮೊದಲು ಕೆಲಸವನ್ನು ಅರಿಯಬೇಕು

"ಸೌರಶಕ್ತಿಯಲ್ಲಿ ಕೆಲಸ" ಎಂಬ ಒಂದೇ ಕೆಲಸವಿಲ್ಲ. ಅದರೊಳಗೆ ಐದು ಬಗೆಯ ಕೆಲಸಗಳುಂಟು.

ಮೊದಲನೆಯದು ಅಳತೆ. ಯಾವ ಊರಿನಲ್ಲಿ ಎಷ್ಟು ಬಿಸಿಲು ಬೀಳುತ್ತದೆ, ಯಾವ ತಿಂಗಳಿನಲ್ಲಿ ಗಾಳಿ ಎಷ್ಟು ವೇಗವಾಗಿ ಬೀಸುತ್ತದೆ ಎಂಬುದು ತಿಳಿಯದೆ ಒಂದು ಫಲಕವನ್ನಾಗಲಿ ಒಂದು ಗಾಳಿಯಂತ್ರವನ್ನಾಗಲಿ ನಿಲ್ಲಿಸುವಂತಿಲ್ಲ. ಇದಕ್ಕೆ ದೂರದ ಉದಾಹರಣೆ ಬೇಡ. ನಮ್ಮ ಅಲಿಪುರದ ಹವಾಮಾನ ಕಚೇರಿಯ ಹೆಸರನ್ನು ಮಳೆಗಾಲದಲ್ಲಿ ದಿನವೂ ಕೇಳುತ್ತೇವೆ. ಭಾರತದ ಹವಾಮಾನ ಇಲಾಖೆ 1875ರಲ್ಲಿ ಆರಂಭವಾದಾಗ ಅದರ ಮುಖ್ಯ ಸ್ಥಾನ ಈ ನಗರವೇ ಆಗಿತ್ತು. ಇಂತಹ ಕೆಲಸಕ್ಕೆ ಭೌತಶಾಸ್ತ್ರವೂ ಗಣಿತವೂ ಅಡಿಪಾಯ.

ಎರಡನೆಯದು ಯೋಜನೆ: ಎಷ್ಟು ಫಲಕ, ಎಷ್ಟು ದಪ್ಪದ ತಂತಿ, ಎಂತಹ ಚೌಕಟ್ಟು ಬೇಕೆಂದು ಲೆಕ್ಕ ಹಾಕುವುದು. 2020ರ ಮೇ 20ರಂದು ಅಂಫಾನ್ ಚಂಡಮಾರುತ ಈ ನಗರವನ್ನು ಹಾದುಹೋದಾಗ ಗಾಳಿಯ ವೇಗ ಗಂಟೆಗೆ ನೂರು ಕಿಲೋಮೀಟರನ್ನು ಮೀರಿತ್ತು. ಮಹಡಿಯ ಮೇಲೆ ನಿಲ್ಲಿಸುವ ಫಲಕಗಳ ಚೌಕಟ್ಟು ಅಂತಹ ಗಾಳಿಯನ್ನು ತಡೆಯಬೇಕು. ಇದು ವಿದ್ಯುತ್, ಯಂತ್ರ ಮತ್ತು ಕಟ್ಟಡ ಇಂಜಿನಿಯರರ ಕೆಲಸ.

ಮೂರನೆಯದು ತಯಾರಿಕೆ: ಫಲಕ, ಬ್ಯಾಟರಿ, ಇನ್ವರ್ಟರ್‌ಗಳನ್ನು ಕಾರ್ಖಾನೆಯಲ್ಲಿ ಮಾಡುವುದು. ಇಲ್ಲಿ ರಸಾಯನಶಾಸ್ತ್ರಕ್ಕೂ ಎಲೆಕ್ಟ್ರಾನಿಕ್ಸಿಗೂ ಸ್ಥಾನವುಂಟು. ನಾಲ್ಕನೆಯದು ಸ್ಥಾಪನೆ ಮತ್ತು ಪಾಲನೆ: ಫಲಕಗಳನ್ನು ಕೂಡಿಸುವುದು, ತಂತಿ ಜೋಡಿಸುವುದು, ಧೂಳು ತೆಗೆಯುವುದು, ಕೆಟ್ಟುದನ್ನು ಸರಿಪಡಿಸುವುದು. ಐದನೆಯದು ವ್ಯವಹಾರ: ಸಾಲ, ಗುತ್ತಿಗೆ, ಲೆಕ್ಕಪತ್ರ. ವಾಣಿಜ್ಯ ಶಾಸ್ತ್ರವನ್ನು ಓದಿದವರಿಗೂ ಈ ಕ್ಷೇತ್ರದಲ್ಲಿ ಎಡೆಯಿದೆ ಎಂಬುದನ್ನು ಮರೆಯಬಾರದು.

ಇವುಗಳಲ್ಲಿ ನಾಲ್ಕನೆಯದನ್ನು ಕೀಳೆಂದು ಭಾವಿಸುವುದು ದೊಡ್ಡ ಅವಿವೇಕ. ಸುಂದರಬನದ ದ್ವೀಪಗಳಲ್ಲಿ 1990ರ ದಶಕದಿಂದ ಶಾಂತಿಪದ ಗಣಚೌಧುರಿಯವರಂತಹ ಇಂಜಿನಿಯರರ ಪ್ರಯತ್ನದಿಂದ ಸೌರ ಕೇಂದ್ರಗಳು ಏರ್ಪಟ್ಟು, ಸೀಮೆಎಣ್ಣೆಯ ಬುಡ್ಡಿಯ ಮುಂದೆ ಓದುತ್ತಿದ್ದ ಮಕ್ಕಳಿಗೆ ವಿದ್ಯುದ್ದೀಪ ದೊರೆಯಿತು. ಆದರೆ ಅಂತಹ ಕೇಂದ್ರಗಳ ಬ್ಯಾಟರಿಗಳು ಕೆಲವೇ ವರ್ಷಗಳಲ್ಲಿ ಸವೆಯುತ್ತವೆ. ಉಪ್ಪುಗಾಳಿಗೆ ಲೋಹದ ಭಾಗಗಳು ತುಕ್ಕು ಹಿಡಿಯುತ್ತವೆ. ನೋಡಿಕೊಳ್ಳಲು ಬಲ್ಲ ಕೈಯಿಲ್ಲದೆ ಹೋದರೆ ಎಷ್ಟು ಒಳ್ಳೆಯ ಯಂತ್ರವೂ ಮೂಲೆ ಸೇರುತ್ತದೆ.

ಹತ್ತನೆಯ ತರಗತಿಯ ಬಳಿಕ ಮೂರು ದಾರಿಗಳು

ಒಂದು, ಐ.ಟಿ.ಐ. ಶಿಕ್ಷಣ. ಇದರಲ್ಲಿ ಎಲೆಕ್ಟ್ರಿಷಿಯನ್ ವೃತ್ತಿಗೆ ಎರಡು ವರ್ಷಗಳ ತರಬೇತಿಯುಂಟು. ಗರಿಯಾಹಾಟಿನಲ್ಲಿ ಸರ್ಕಾರದ ಐ.ಟಿ.ಐ. ಇದೆ. ಅದನ್ನು ಮುಗಿಸಿದವರು 1961ರ ಅಪ್ರೆಂಟಿಸ್ ಕಾಯಿದೆಯಂತೆ ಕಾರ್ಖಾನೆ ಅಥವಾ ವಿದ್ಯುತ್ ಸಂಸ್ಥೆಯಲ್ಲಿ ವೇತನಸಹಿತವಾಗಿ ಕೆಲಸ ಕಲಿಯಬಹುದು. ಆಮೇಲೆ ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ 'ಸೂರ್ಯಮಿತ್ರ' ತರಬೇತಿಗೆ ಸೇರಿ ಸೌರ ಫಲಕಗಳ ಕೆಲಸದಲ್ಲಿ ಪರಿಣತಿಯನ್ನು ಪಡೆಯಬಹುದು. ಇದನ್ನು ನಡೆಸುವ ಹೊಣೆ ಗುರುಗ್ರಾಮದ ಬಳಿಯ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆಯದು. ಗಾಳಿಯಂತ್ರಗಳ ವಿಷಯದಲ್ಲಿ ಅಂತಹುದೇ ಸ್ಥಾನ ಚೆನ್ನೈಯಲ್ಲಿರುವ ರಾಷ್ಟ್ರೀಯ ವಾಯುಶಕ್ತಿ ಸಂಸ್ಥೆಗೆ ಸಲ್ಲುತ್ತದೆ.

ಎರಡು, ಮೂರು ವರ್ಷಗಳ ಡಿಪ್ಲೊಮಾ. ಅಲಿಪುರಕ್ಕೆ ಹತ್ತಿರದಲ್ಲಿಯೇ, ಖಿದಿರಪುರದ ಕಡೆಯ ಮಯೂರಭಂಜ ರಸ್ತೆಯಲ್ಲಿ, ಜ್ಞಾನಚಂದ್ರ ಘೋಷ್ ಪಾಲಿಟೆಕ್ನಿಕ್ ಇದೆ. ಹೆಣ್ಣುಮಕ್ಕಳಿಗೆಂದೇ ಜೋಧಪುರ ಪಾರ್ಕಿನಲ್ಲಿ ಮಹಿಳಾ ಪಾಲಿಟೆಕ್ನಿಕ್ ಇದೆ. ಡಿಪ್ಲೊಮಾ ಮುಗಿಸಿದವರು ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿರುವುದರಿಂದ, ಬೇಗನೆ ಸಂಪಾದಿಸಬೇಕಾದ ಮನೆಯ ಮಕ್ಕಳಿಗೆ ಇದು ಒಳ್ಳೆಯ ದಾರಿ. ನಡುವೆ ನಿಂತು ದುಡಿಯಬಹುದು, ಅನುಕೂಲವಾದಾಗ ಮುಂದೆ ಓದಬಹುದು.

ಮೂರು, ಹನ್ನೆರಡನೆಯ ತರಗತಿಯವರೆಗೆ ವಿಜ್ಞಾನವನ್ನು ಓದಿ ಪದವಿಗೆ ಹೋಗುವುದು. ಶಿಬಪುರ, ಜಾದವಪುರ, ಖರಗಪುರಗಳಲ್ಲಿ ಹೆಸರಾಂತ ಇಂಜಿನಿಯರಿಂಗ್ ವಿದ್ಯಾಲಯಗಳಿವೆ. ಜಾದವಪುರ ವಿಶ್ವವಿದ್ಯಾಲಯದಲ್ಲಿ ಶಕ್ತಿಯ ಅಧ್ಯಯನಕ್ಕೆಂದೇ ಒಂದು ಪ್ರತ್ಯೇಕ ವಿಭಾಗವುಂಟು. ಇಂಜಿನಿಯರಿಂಗಿಗೆ ಪ್ರವೇಶ ಪರೀಕ್ಷೆಗಳಿರುವುದರಿಂದ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ಎರಡು ವರ್ಷಗಳ ದೃಢವಾದ ಪರಿಶ್ರಮ ಅಗತ್ಯ.

ಬೇರನ್ನು ಹಿಡಿಯಬೇಕು, ಹೆಸರನ್ನಲ್ಲ

ಈ ಲೇಖನದ ಮುಖ್ಯವಾದ ಮಾತು ಇದು. ಕೋರ್ಸಿನ ಹೆಸರಿನಲ್ಲಿ 'ಸೌರ' ಎಂದೋ 'ಹಸಿರು' ಎಂದೋ ಇದ್ದ ಮಾತ್ರಕ್ಕೆ ಅದಕ್ಕೆ ಸೇರಬಾರದು. ಮೊದಲು ವಿದ್ಯುತ್, ಯಂತ್ರ, ರಸಾಯನ ಮುಂತಾದ ಒಂದು ಮೂಲವಿದ್ಯೆಯಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಬಳಿಕ ಅದರ ಮೇಲೆ ವಿಶೇಷ ತರಬೇತಿಯನ್ನು ಪಡೆಯಬೇಕು. ಬೇರಿಲ್ಲದ ಕೊಂಬೆ ಎಷ್ಟು ದಿನ ಹಸುರಾಗಿದ್ದೀತು?

ಇದಕ್ಕೆ ಕಾರಣವುಂಟು. ಸೌರ ಉದ್ಯಾನವನ್ನು ಕಟ್ಟುವಾಗ ಸಾವಿರಾರು ಕೈಗಳು ಬೇಕು. ಕಟ್ಟಿ ಮುಗಿದ ಮೇಲೆ ಅದನ್ನು ನಡೆಸಲು ಬಹಳ ಕಡಮೆ ಜನ ಸಾಕು. ಫಲಕಗಳನ್ನು ಜೋಡಿಸುವುದನ್ನು ಮಾತ್ರ ಕಲಿತವನು ಕಾಮಗಾರಿ ಮುಗಿದೊಡನೆ ಬರಿಗೈಯಾಗುತ್ತಾನೆ. ಎಲೆಕ್ಟ್ರಿಷಿಯನ್ ವಿದ್ಯೆಯನ್ನು ಸಂಪೂರ್ಣವಾಗಿ ಕಲಿತವನಾದರೆ ಆಸ್ಪತ್ರೆಯಲ್ಲಿಯೋ ಮೆಟ್ರೋ ರೈಲಿನಲ್ಲಿಯೋ ಕಾರ್ಖಾನೆಯಲ್ಲಿಯೋ ಕೆಲಸ ಹುಡುಕಬಲ್ಲನು. ಮತ್ತೊಂದು ಸೌರ ಕೇಂದ್ರ ಬಂದಾಗ ಅಲ್ಲಿಗೂ ಹೋಗಬಲ್ಲನು.

ಹಿರಿಯರ ಜೀವನವೂ ಇದನ್ನೇ ತೋರಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಹುಟ್ಟುಹಾಕಿದ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರು ಮೂಲತಃ ವಿದ್ಯುದ್ರಸಾಯನದ ವಿದ್ವಾಂಸರು. ಆ ಕೇಂದ್ರದ ವಿಜ್ಞಾನಿಗಳು ತುಮಕೂರು ಜಿಲ್ಲೆಯ ಪುರ ಎಂಬ ಹಳ್ಳಿಯಲ್ಲಿ ಸಗಣಿಯ ಅನಿಲದಿಂದ ವಿದ್ಯುತ್ತನ್ನು ತೆಗೆದು, ದೀಪಕ್ಕೂ ಕುಡಿಯುವ ನೀರನ್ನು ಎತ್ತುವುದಕ್ಕೂ ಬಳಸಿದರು. ಹರೀಶ್ ಹಂದೆಯವರು ಇದೇ ಬಂಗಾಳದ ಖರಗಪುರದಲ್ಲಿ ಶಕ್ತಿ ಇಂಜಿನಿಯರಿಂಗನ್ನು ಓದಿ, ಮುಂದೆ ಅಮೆರಿಕದಲ್ಲಿ ಉನ್ನತ ವ್ಯಾಸಂಗ ಮಾಡಿ, 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಸ್ಥಾಪಿಸಿದವರಲ್ಲಿ ಒಬ್ಬರಾದರು. ಬಡವರು ಬ್ಯಾಂಕಿನ ಸಾಲದಿಂದ ಸೌರದೀಪವನ್ನು ಕೊಂಡು ಕಂತುಗಳಲ್ಲಿ ತೀರಿಸುವ ಏರ್ಪಾಡನ್ನು ಅವರು ಕರ್ನಾಟಕದ ಹಳ್ಳಿಗಳಲ್ಲಿ ಬೆಳೆಸಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಯಾವುದೇ ಸಂಸ್ಥೆಗೆ ಶುಲ್ಕ ಕಟ್ಟುವ ಮುನ್ನ ಹೆತ್ತವರೊಡನೆ ಹೋಗಿ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಇಲ್ಲಿನ ಪ್ರಮಾಣಪತ್ರಕ್ಕೆ ಯಾವ ಸರ್ಕಾರಿ ಮಂಡಲಿಯ ಮನ್ನಣೆಯಿದೆ? ವಾರಕ್ಕೆ ಎಷ್ಟು ಗಂಟೆ ಕಾರ್ಯಾಗಾರದಲ್ಲಿ ಕೈಯಾರೆ ಕೆಲಸ ಮಾಡಿಸುವಿರಿ? ಹೋದ ವರ್ಷ ಕಲಿತವರು ಈಗ ಎಲ್ಲಿ ಕೆಲಸದಲ್ಲಿದ್ದಾರೆ? ಈ ಓದಿನ ಮೇಲೆ ಮುಂದಿನ ಯಾವ ಓದಿಗೆ ಪ್ರವೇಶ ದೊರೆಯುತ್ತದೆ? ಉತ್ತರಗಳನ್ನು ಬಾಯಿಮಾತಿನಲ್ಲಿ ಕೇಳಿದರೆ ಸಾಲದು, ಕಾಗದದಲ್ಲಿ ನೋಡಬೇಕು. ಉತ್ತರ ಹೇಳಲು ಹಿಂಜರಿಯುವ ಸಂಸ್ಥೆಯಿಂದ ನಮಸ್ಕಾರ ಹೇಳಿ ಹಿಂದಿರುಗುವುದೇ ಲೇಸು.

ಕನ್ನಡ ಮಾಧ್ಯಮದ ಅಂಜಿಕೆ

"ನಾವು ಕನ್ನಡದಲ್ಲಿ ಓದಿದವರು, ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ" ಎಂದು ನಮ್ಮ ಮಕ್ಕಳು ಅಳುಕುವುದುಂಟು. ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮಾಡಿದ ನಮಗೆ ಈ ಅಳುಕು ಅಪರಿಚಿತವಲ್ಲ. ವಿಭವಾಂತರ, ವಿದ್ಯುತ್ ಪ್ರವಾಹ, ರೋಧ ಈ ಮೂರರ ಸಂಬಂಧವನ್ನು ಕನ್ನಡದಲ್ಲಿ ಸರಿಯಾಗಿ ಅರಿತವನಿಗೆ ಅವನ್ನೇ ವೋಲ್ಟೇಜ್, ಕರೆಂಟ್, ರೆಸಿಸ್ಟೆನ್ಸ್ ಎಂದು ಕರೆಯಲು ಕಲಿಯುವುದು ಕೆಲವು ವಾರಗಳ ಕೆಲಸ. ಅರ್ಥ ತಿಳಿಯದೆ ಇಂಗ್ಲಿಷ್ ಮಾತುಗಳನ್ನು ಬಾಯಿಪಾಠ ಮಾಡಿದವನ ಕಷ್ಟವೇ ಹೆಚ್ಚಿನದು. ಹಾಗೆಂದು ಉದಾಸೀನ ಸಲ್ಲದು. ಒಂದು ನೋಟ್ ಪುಸ್ತಕದಲ್ಲಿ ಮೂರು ಅಂಕಣಗಳನ್ನು ಮಾಡಿ, ದಿನಕ್ಕೆ ಐದು ಪಾರಿಭಾಷಿಕ ಪದಗಳನ್ನು ಕನ್ನಡ, ಇಂಗ್ಲಿಷ್, ಬಂಗಾಳಿಗಳಲ್ಲಿ ಬರೆಯಿರಿ. ನಮ್ಮ 'ವಿದ್ಯುತ್' ಬಂಗಾಳಿಯ ಬಾಯಲ್ಲಿ 'ಬಿದ್ಯುತ್' ಆಗುತ್ತದೆ, 'ವಾಯು' 'ಬಾಯು' ಆಗುತ್ತದೆ. ಮೂರನೆಯ ಅಂಕಣ ಅಷ್ಟೇನೂ ಕಷ್ಟವಲ್ಲ. ಕಾರ್ಯಾಗಾರದಲ್ಲಿ ಮೇಸ್ತ್ರಿಗಳು ಕೆಲಸ ಹೇಳಿಕೊಡುವುದು ಬಂಗಾಳಿಯಲ್ಲಿಯೇ ಆದುದರಿಂದ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಅಲಿಪುರದ ಬೆಲ್ವೆಡೇರ್ ಆವರಣದಲ್ಲಿರುವ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳೂ ಇವೆ ಎಂಬುದನ್ನು ಹಿರಿಯ ವಿದ್ಯಾರ್ಥಿಗಳು ನೆನಪಿಡಬೇಕು.

ಈಗಲೇ ಮಾಡಬಹುದಾದ ಅಭ್ಯಾಸಗಳು

ತನಗೆ ಯಾವ ಕೆಲಸ ಒಗ್ಗುತ್ತದೆ ಎಂಬುದು ಯೋಚಿಸುವುದರಿಂದ ತಿಳಿಯದು. ಮಾಡಿ ನೋಡುವುದರಿಂದ ತಿಳಿಯುತ್ತದೆ. ಅದಕ್ಕಾಗಿ ಕೆಳಗಿನ ಅಭ್ಯಾಸಗಳು.

1. ಮನೆಯ ವಿದ್ಯುತ್ ಬಿಲ್ಲನ್ನು ನೋಡಿ, ದಿನಕ್ಕೆ ಸರಾಸರಿ ಎಷ್ಟು ಯೂನಿಟ್ ಖರ್ಚಾಗುತ್ತದೆಂದು ಲೆಕ್ಕ ಹಾಕಿರಿ. ಒಂದು ಕಿಲೋವ್ಯಾಟಿನ ಸೌರ ಫಲಕಗಳಿಗೆ ಸುಮಾರು ಹತ್ತು ಚದರ ಮೀಟರ್ ಜಾಗ ಬೇಕು. ಅವು ಸರಾಸರಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತವೆ. ನಿಮ್ಮ ಮನೆಗೆ ಎಷ್ಟು ಕಿಲೋವ್ಯಾಟ್ ಬೇಕು? ಅದಕ್ಕೆ ಮಹಡಿಯ ಮೇಲೆ ಜಾಗವಿದೆಯೇ?

2. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ಎಷ್ಟರಷ್ಟಾಗುತ್ತದೆ? ಮೂರರಷ್ಟಾದರೆ?

3. ಡಿಸೆಂಬರಿನಲ್ಲಿ ಒಂದು ದಿನ, ಜೂನಿನಲ್ಲಿ ಒಂದು ದಿನ, ಸೂರ್ಯ ನೆತ್ತಿಯ ಕಡೆಗೆ ಏರಿರುವ ನಡುಹಗಲಿನಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನು ಅಳೆಯಿರಿ. ನಮ್ಮ ನಗರದಲ್ಲಿ ಫಲಕಗಳನ್ನು ದಕ್ಷಿಣಕ್ಕೆ ಓರೆಯಾಗಿ ಏಕೆ ಇಡುತ್ತಾರೆಂಬುದನ್ನು ಆ ಎರಡು ನೆರಳುಗಳಿಂದ ವಿವರಿಸಿರಿ.

4. ಪಾವಗಡದಲ್ಲಿ ಒಂದು ಮೆಗಾವ್ಯಾಟಿಗೆ ಸುಮಾರು ಎಷ್ಟು ಎಕರೆ ಭೂಮಿ ಬೇಕಾಯಿತು? ಮೇಲಿನ ಅಂಕಿಗಳಿಂದ ಕಂಡುಹಿಡಿಯಿರಿ.

ಮೊದಲನೆಯ ಲೆಕ್ಕದಲ್ಲಿ ಮನಸ್ಸು ರಮಿಸಿದವರು ಯೋಜನೆಯ ಕಡೆಗೂ, ಮೂರನೆಯದರಲ್ಲಿ ರಮಿಸಿದವರು ಅಳತೆಯ ಕಡೆಗೂ ಒಲಿದವರೆಂದು ತಿಳಿಯಬಹುದು. ಲೆಕ್ಕಕ್ಕಿಂತ ಕೋಲನ್ನು ನೆಟ್ಟಗೆ ನಿಲ್ಲಿಸುವ ಕೆಲಸವೇ ಯಾರಿಗೆ ಹಿತವೆನಿಸಿತೋ ಅವರು ಐ.ಟಿ.ಐ.ಯ ಕಾರ್ಯಾಗಾರವನ್ನು ಹೋಗಿ ನೋಡಿ ಬರಲಿ. ಮೂವರೂ ಬೇಕಾದವರೇ. ಮೂವರಲ್ಲಿ ಒಬ್ಬರಿಲ್ಲದಿದ್ದರೂ ದೀಪ ಹತ್ತುವುದಿಲ್ಲ.