ಗೋಡೆಯೊಳಗಿನ ಜಾಯಿಂಟ್ ನಿನ್ನದು

ಅಳಿಯಾ,

ನಿನ್ನಮ್ಮ ನಿನ್ನೆ ರಾತ್ರಿ ಫೋನ್ ಮಾಡಿದ್ದಳು. ಎರಡು ವರ್ಷದ ಐಟಿಐ ಮುಗಿಸಿ, ಸೋಮವಾರದಿಂದ ಮೈಸೂರಿನಲ್ಲಿ ಒಬ್ಬ ಎಲೆಕ್ಟ್ರಿಕಲ್ ಕಂಟ್ರ್ಯಾಕ್ಟರ್ ಹತ್ತಿರ ಕೆಲಸಕ್ಕೆ ಸೇರ್ತಿದ್ದೀಯಂತೆ. ‘ನೀನೂ ಮೂವತ್ತೈದು ವರ್ಷ ಅದೇ ಕೆಲಸ ಮಾಡಿದೋನು, ಅವನಿಗೆ ಎರಡು ಮಾತು ಹೇಳಣ್ಣ’ ಅಂದಳು. ಫೋನಲ್ಲಿ ಹೇಳಿದರೆ ಹೂಂ ಹೂಂ ಅಂತ ಇಟ್ಟುಬಿಡ್ತೀಯ. ಅದಕ್ಕೇ ಬರೆದು ಕಳಿಸ್ತಿದ್ದೀನಿ.

ಮೊದಲ ವಾರದಲ್ಲೇ ಯಾವನಾದರೂ ಹಳೇ ಕೆಲಸಗಾರ ನಿನ್ನ ಹೆಗಲ ಮೇಲೆ ಕೈ ಹಾಕಿ ‘ಎಷ್ಟು ಮಾಡಿದರೂ ಅಷ್ಟೇ ಸಂಬಳ ಕಣೋ, ನಿಧಾನ ಮಾಡು’ ಅಂತಾನೆ. ಅದೇ ವಾರ ಓನರ್ ಕರೆದು ‘ಇದು ನಿನ್ನದೇ ಕಂಪನಿ ಅಂದ್ಕೊಂಡು ಕೆಲಸ ಮಾಡಪ್ಪಾ’ ಅಂತಾರೆ. ಎರಡನ್ನೂ ನಂಬಬೇಡ. ಕಂಪನಿ ನಿನ್ನದಲ್ಲ. ಲಾಭ ಬಂದ ವರ್ಷ ನಿನಗೆ ಪಾಲು ಕೊಡಲ್ಲ, ಸಾಲ ಮಾಡಿದ ವರ್ಷ ನಿನ್ನ ಮನೆ ಬಾಗಿಲಿಗೆ ಬ್ಯಾಂಕಿನೋರು ಬರಲ್ಲ. ನಿನ್ನದು ಅಂತ ಇರೋದು ನಿನ್ನ ಕೈಯಿಂದ ಆದ ಕೆಲಸ ಮಾತ್ರ. ಪ್ಲಾಸ್ಟರ್ ಬಿದ್ದ ಮೇಲೆ ಯಾರ ಕಣ್ಣಿಗೂ ಕಾಣದ ಆ ಜಾಯಿಂಟ್ ಇದೆಯಲ್ಲ, ಅದಕ್ಕೆ ಓನರ್ ನೀನೇ. ಮನೆ ಕಟ್ಟಿಸಿದೋರೂ ಅಲ್ಲ, ಕಂಟ್ರ್ಯಾಕ್ಟರೂ ಅಲ್ಲ.

ಈ ಬುದ್ಧಿ ನನಗೆ ಸುಮ್ಮನೆ ಬರಲಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒಂದು ತ್ರೀ ಫೇಸ್ ಮನೆ. ಗೃಹಪ್ರವೇಶದ ಹಿಂದಿನ ಸಂಜೆ ಡಿಸ್ಟ್ರಿಬ್ಯೂಷನ್ ಬೋರ್ಡ್ ಕಟ್ತಾ ಇದ್ದೆ. ಊರಿಗೆ ಕೊನೇ ಬಸ್ಸು ಹೋಗಿಬಿಟ್ಟೀತು ಅನ್ನೋ ಅವಸರದಲ್ಲಿ ನ್ಯೂಟ್ರಲ್ ಸ್ಕ್ರೂ ಒಂದು ಸುತ್ತು ಕಮ್ಮಿ ಬಿಗಿದೆ. ಲೈಟೆಲ್ಲ ಉರಿದವು, ಎಲ್ಲರೂ ಖುಷಿ, ನನಗೆ ಬಸ್ಸೂ ಸಿಕ್ತು. ಮೂರು ವಾರ ಕಳೆದು ಆ ಮನೆಯಿಂದ ಫೋನು. ಒಂದು ರೂಮಿನ ಬಲ್ಬು ಕಣ್ಣು ಕುಕ್ಕುತ್ತಂತೆ, ಇನ್ನೊಂದು ರೂಮಿನದ್ದು ಎಣ್ಣೆ ತೀರಿದ ದೀಪದ ಹಾಗೆ ಮಿಣಮಿಣ ಅನ್ನುತ್ತಂತೆ. ನ್ಯೂಟ್ರಲ್ ಬಿಟ್ಟುಕೊಂಡರೆ ಏನಾಗುತ್ತೆ ಅಂತ ನೀನು ಪುಸ್ತಕದಲ್ಲಿ ಓದಿದ್ದೀಯ. 230 ವೋಲ್ಟ್ ಇರಬೇಕಾದ ಕಡೆ, ಲೋಡ್ ಕಮ್ಮಿ ಇರೋ ಫೇಸಿನಲ್ಲಿ 400ರ ಹತ್ತಿರಕ್ಕೂ ಏರಬಹುದು. ನಾನು ಹೋಗುವಷ್ಟರಲ್ಲಿ ಟಿವಿ, ಫ್ರಿಜ್ಜು ಎರಡೂ ಹೋಗಿದ್ದವು.

ಓನರ್ ದುಡ್ಡು ಕಟ್ಟಿಕೊಟ್ಟರು. ನನ್ನ ಸಂಬಳದಲ್ಲಿ ಹಿಡಿಯಲಿಲ್ಲ. ಹಿಡಿದಿದ್ದರೆ ಲೆಕ್ಕ ಚುಕ್ತಾ ಆಯ್ತು ಅಂತ ಮರೆತೇಬಿಡ್ತಿದ್ದೆನೋ ಏನೋ. ಆ ಮನೆಯ ಅಜ್ಜಿ ನನಗೇ ಕಾಫಿ ತಂದುಕೊಟ್ಟು ‘ಕಂಬದಲ್ಲೇ ಏನೋ ತೊಂದರೆ ಇದ್ದಿರಬೇಕು, ಪಾಪ ನೀನೇನು ಮಾಡ್ತೀಯ ಬಿಡು’ ಅಂದರು. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಕಾಫಿ ಕುಡಿದು ಬಂದೆ. ಆ ಬೀದಿಯಲ್ಲಿ ಹೋಗಬೇಕಾದರೆ ಈಗಲೂ ಗಾಡಿ ಸ್ವಲ್ಪ ಜೋರಾಗಿ ಓಡಿಸ್ತೀನಿ.

ಆವತ್ತಿಂದ ಒಂದು ಅಭ್ಯಾಸ ಬಂತು. ಸ್ಕ್ರೂ ಬಿಗಿದ ಮೇಲೆ ವೈರನ್ನ ಹಿಡಿದು ಎಳೆಯೋದು, ಮತ್ತೆ ಒಂದು ಸಲ ಬಿಗಿಯೋದು. ಲೈನ್ ಕೊಡೋಕೆ ಮುಂಚೆ 500 ವೋಲ್ಟಿನ ಮೆಗ್ಗರ್ ಹಚ್ಚಿ ಇನ್ಸುಲೇಶನ್ ನೋಡೋದು. ಒಂದು ಮೆಗಾ ಓಮ್‌ಗಿಂತ ಕೆಳಗೆ ತೋರಿಸಿದರೆ ಎಲ್ಲೋ ತಪ್ಪಿದೆ ಅಂತ ಅರ್ಥ, ಹುಡುಕಲೇಬೇಕು. ಜೊತೆಯ ಹುಡುಗರು ‘ಮೆಗ್ಗರ್ ಸ್ವಾಮಿ’ ಅಂತ ಹೆಸರಿಟ್ಟಿದ್ದರು. ಇಡಲಿ ಬಿಡು.

ಸ್ಲ್ಯಾಬ್ ಹಾಕೋ ದಿನ ಇನ್ನೊಂದು ಪರೀಕ್ಷೆ. ಪೈಪು, ಫ್ಯಾನ್ ಬಾಕ್ಸು ಎಲ್ಲ ಹಿಂದಿನ ದಿನವೇ ನೀನು ಕಟ್ಟಿರ್ತೀಯ. ಬಾಕ್ಸಿನ ಬಾಯಿಗೆ ಕಾಗದ ತುರುಕಿ ಟೇಪ್ ಹಾಕೋಕೆ ಹತ್ತು ನಿಮಿಷ ಸಾಕು. ಹಾಕದಿದ್ದರೆ ಕಾಂಕ್ರೀಟಿನ ಹಾಲು ಒಳಗಿಳಿದು ಕಲ್ಲಾಗುತ್ತೆ. ಆರು ತಿಂಗಳಾದ ಮೇಲೆ ವೈರ್ ಎಳೆಯೋಕೆ ಬಂದೋನು ಸೀಲಿಂಗ್ ಒಡೀಬೇಕು. ಆ ಬಂದೋನು ನೀನೇ ಆಗಿರಬೇಕು ಅಂತೇನಿಲ್ಲ, ಕಷ್ಟ ಇರೋದೇ ಅಲ್ಲಿ. ಬೇರೆಯವನ ಪಾಲಿಗೆ ಬೀಳುತ್ತೆ ಅಂತ ಗೊತ್ತಿದ್ದೂ ಆ ಹತ್ತು ನಿಮಿಷ ಕೂರ್ತೀಯಾ ಇಲ್ಲವಾ? ಕಾಂಕ್ರೀಟ್ ಸುರಿಯುವಾಗ ಸಾಧ್ಯವಾದರೆ ಅಲ್ಲೇ ನಿಂತಿರು. ಗಾರೆಯೋರು ಪೈಪಿನ ಮೇಲೆ ಬೂಟು ಹಾಕ್ಕೊಂಡು ಓಡಾಡ್ತಾರೆ, ಅವರ ಮೇಲೆ ಕೋಪ ಮಾಡ್ಕೋಬೇಡ, ಅವರ ಕಣ್ಣು ಸಲಾಕೆ ಮೇಲಿರುತ್ತೆ. ನಿನ್ನ ಕಣ್ಣು ಪೈಪಿನ ಮೇಲಿರಲಿ. ಗೋಡೆ ಕೊರೆದು ಪೈಪ್ ಹಾಕಿದ ಮೇಲೆ, ಪ್ಲಾಸ್ಟರಿಗೆ ಮುಂಚೆ, ಅಳತೆ ಟೇಪ್ ಇಟ್ಟು ಫೋಟೊ ತಗೊಂಡಿರು. ನಮ್ಮ ಕಾಲದಲ್ಲಿ ಇದಿರಲಿಲ್ಲ. ನಾಳೆ ಪರದೆ ಕಂಬಿಗೆ ತೂತು ಹೊಡೆಯೋಕೆ ಬರೋನು ನಿನ್ನ ಹೆಸರು ಹೇಳಿ ಬದುಕ್ತಾನೆ.

ಸಾಮಾನಿನ ವಿಷಯ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನೋದನ್ನ ಕಣ್ಣಾರೆ ನೋಡಬೇಕು ಅಂದರೆ ಸೈಟಿಗೆ ಬರಬೇಕು. ಒಂದು ಕಾಯಿಲ್ ವೈರು 90 ಮೀಟರ್. ಅಳೆಯದೆ ಎಳೆದು ಕತ್ತರಿಸಿದರೆ ಪ್ರತಿ ಬಾಕ್ಸಿನಲ್ಲೂ ಒಂದೊಂದು ಮೊಳ ಚೂರು ಉಳಿಯುತ್ತೆ. ಆ ಚೂರೆಲ್ಲ ಸಂಜೆ ಚೀಲಕ್ಕೆ ಬಿದ್ದು ಗುಜರಿಗೆ ಹೋಗುತ್ತೆ. ‘ಟೀ ಖರ್ಚಿಗೆ’ ಅಂತಾರೆ. ತಾಮ್ರದ ರೇಟು ಗೊತ್ತಾದ ಮೇಲೆ ಕೆಲವರ ಕೈ ಬೇಕಂತಲೇ ಉದ್ದ ಕತ್ತರಿಸುತ್ತೆ. ಆಯ್ದಕ್ಕಿ ಲಕ್ಕಮ್ಮನ ಕತೆ ನಿನಗೆ ಸ್ಕೂಲಲ್ಲಿ ಹೇಳಿರ್ತಾರೆ. ಗಂಡ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರ್ತಿದ್ದ. ಒಂದು ದಿನ ಜಾಸ್ತಿ ತಂದದ್ದಕ್ಕೆ, ಹೋಗಿ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಆಕೆ ಬಡವಿ, ನೆನಪಿಟ್ಕೋ. ಉಳಿದ ವೈರು ಸ್ಟೋರಿಗೆ ವಾಪಸ್ ಹೋಗಲಿ. ಟೀಗೆ ದುಡ್ಡು ಬೇಕಾದರೆ ಓನರನ್ನೇ ಕೇಳು, ಕೊಡ್ತಾರೆ. ಕೊಡದಿದ್ದರೆ ಅಂಥೋನ ಹತ್ತಿರ ತುಂಬ ದಿನ ಇರಬೇಡ.

ಇನ್ನೊಂದು ಆಸೆ ಬರುತ್ತೆ. ಮನೆಯೋರು ಮೆಲ್ಲಗೆ ನಿನ್ನ ನಂಬರ್ ಕೇಳ್ತಾರೆ. ‘ನಿಮ್ಮ ಓನರಿಗೆ ಯಾಕೆ ಹೇಳ್ಬೇಕು, ಭಾನುವಾರ ನೀನೇ ಬಂದು ಮಾಡಿಕೊಟ್ಟುಬಿಡಪ್ಪ, ಅರ್ಧ ರೇಟು ಕೊಡ್ತೀವಿ.’ ಹೋಗಬೇಡ. ಪಕ್ಕದ ಮನೆ ಫ್ಯಾನು, ನಿಮ್ಮ ಚಿಕ್ಕಪ್ಪನ ಪಂಪ್‌ಸೆಟ್ಟು, ಅದೆಲ್ಲ ಬೇರೆ, ಧಾರಾಳವಾಗಿ ಮಾಡು. ಆದರೆ ಆ ಗಿರಾಕಿಯ ಮನೆ ಬಾಗಿಲು ನಿನಗೆ ತೆರೆದದ್ದು ಓನರ್ ಹೆಸರಿನಲ್ಲಿ. ನಾನು ಎರಡು ಸಲ ಹೋಗಿದ್ದೆ. ದುಡ್ಡು ಬಂತು, ಆದರೆ ಸೋಮವಾರ ಓನರ್ ಮುಖ ನೋಡಿ ಮಾತಾಡೋಕೆ ಆಗಲಿಲ್ಲ. ಮೂರನೇ ಸಲ ಹೋಗಲಿಲ್ಲ.

ಹಾಗಂತ ಓನರ್ ಹೇಳಿದ್ದಕ್ಕೆಲ್ಲ ತಲೆ ಆಡಿಸೋದಲ್ಲ. ಕೆಲಸ ನಿನ್ನದು ಅಂದ ಮೇಲೆ ‘ಆಗಲ್ಲ’ ಅನ್ನೋ ಹಕ್ಕೂ ನಿನ್ನದೇ. ಮನೆಯಲ್ಲಿ ಆರ್‌ಸಿಸಿಬಿ ಪದೇ ಪದೇ ಬೀಳ್ತಿದ್ದರೆ ‘ಬೈಪಾಸ್ ಮಾಡಿಬಿಡೋ, ಕಿರಿಕಿರಿ’ ಅಂತಾರೆ. ಅದು 30 ಮಿಲಿ ಆಂಪಿಯರ್ ಸೋರಿದರೆ ಬೀಳೋದಕ್ಕೇ ಮಾಡಿರೋದು. ಬೀಳ್ತಿದೆ ಅಂದರೆ ಎಲ್ಲೋ ಸೋರ್ತಿದೆ. ಗೀಸರ್ ಕಾಯಿಲ್ ಇರಬಹುದು, ಮಳೆನೀರು ಇಳಿದ ಗೇಟ್ ಲೈಟ್ ಇರಬಹುದು, ಒಂದೊಂದೇ ಬಿಚ್ಚಿ ಹುಡುಕು. ಬೈಪಾಸ್ ಮಾಡಿದ ಮನೆಯಲ್ಲಿ ನಾಳೆ ಮಗು ಒದ್ದೆ ಕೈಯಲ್ಲಿ ಮುಟ್ಟಿದರೆ, ಹೇಳಿದೋರು ಯಾರು ಅಂತ ಯಾರೂ ಕೇಳಲ್ಲ, ಮಾಡಿದೋನು ಯಾರು ಅಂತ ಕೇಳ್ತಾರೆ. 3000 ವಾಟಿನ ಗೀಸರ್ 13 ಆಂಪಿಯರ್ ಎಳೆಯುತ್ತೆ. ಸ್ಟಾಕ್ ಇಲ್ಲ ಅಂತ ಅದಕ್ಕೆ ಲೈಟಿನ 1.5 ವೈರ್ ಎಳೆಯೋಕೆ ಹೇಳಿದರೆ ‘ನಾಳೆ 4 ಸ್ಕ್ವೇರ್ ಎಂಎಂ ಬರಲಿ ಸಾರ್, ನಾಳೇನೇ ಎಳೀತೀನಿ’ ಅನ್ನು. ಗಿರಾಕಿ ಮುಂದೆ ಹೇಳಬೇಡ, ಪಕ್ಕಕ್ಕೆ ಕರೆದು ಹೇಳು. ಒಳ್ಳೇ ಓನರ್ ಆದರೆ ಮೊದಲು ಬೈದು ಆಮೇಲೆ ವೈರ್ ತರಿಸ್ತಾರೆ.

ಈಗ ನಿನ್ನ ಲೆಕ್ಕ. ‘ನೀನು ನಮ್ಮ ಮನೆ ಮಗ ಇದ್ದ ಹಾಗೆ’ ಅಂದವರ ಹತ್ತಿರ ಸಂಬಳದ ತಾರೀಕು ಎರಡು ಸಲ ಕೇಳಿ ತಿಳ್ಕೋ. ಜನ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಇದ್ದು, ಸಂಬಳ 21,000 ರೂಪಾಯಿ ದಾಟದಿದ್ದರೆ ಇಎಸ್‌ಐ ಬರುತ್ತೆ. ನಿನ್ನಿಂದ ಹಿಡಿಯೋದು ನೂರಕ್ಕೆ ಮುಕ್ಕಾಲು ರೂಪಾಯಿ, ಅವರು ಕಟ್ಟೋದು ಮೂರೂಕಾಲು. ಪಿಎಫ್ ಇದ್ದರೆ ಯುಎಎನ್ ನಂಬರ್ ಕೇಳಿ ಇಸ್ಕೋ, ದುಡ್ಡು ಕಟ್ತಿದ್ದಾರಾ ಅಂತ ಫೋನಲ್ಲೇ ನೋಡ್ತಿರು. ಇದನ್ನ ಕೇಳೋದು ನಿಯತ್ತಿಗೆ ಕಮ್ಮಿ ಅಂತ ಯಾವತ್ತೂ ಅಂದ್ಕೋಬೇಡ. ನಾನು ಹನ್ನೊಂದು ವರ್ಷ ಕೇಳದೇ ಇದ್ದೆ, ಅಷ್ಟು ವರ್ಷದ ಪಿಎಫ್ ನನಗಿಲ್ಲ. ವಿದ್ಯುತ್ ಪರಿವೀಕ್ಷಣಾಲಯದವರು ಕೊಡೋ ವೈರ್‌ಮ್ಯಾನ್ ಪರ್ಮಿಟ್ಟಿಗೆ ಬೇಗ ಅರ್ಜಿ ಹಾಕು, ಆಮೇಲೆ ಸೂಪರ್‌ವೈಸರ್ ಪರ್ಮಿಟ್. ಮುಂದೊಂದು ದಿನ ನೀನೇ ಲೈಸೆನ್ಸ್ ತಗೊಂಡು ಕಂಟ್ರ್ಯಾಕ್ಟರ್ ಆದರೂ ಆಗಬಹುದು, ಆಗದೇ ಇದ್ದರೂ ನಷ್ಟ ಇಲ್ಲ. ನಾನು ಆಗಲಿಲ್ಲ.

ಎಂಟು ಗಂಟೆಗೆ ಬಾ ಅಂದಿದ್ದಾರಂತೆ. ಏಳೂಮುಕ್ಕಾಲಿಗೆ ಹೋಗು. ಟೆಸ್ಟರು, ಕಟಿಂಗ್ ಪ್ಲೇಯರು ನಿನ್ನ ಸ್ವಂತದ್ದೇ ಇರಲಿ. ನನ್ನ ಮೆಗ್ಗರ್ ಅಟ್ಟದ ಮೇಲಿದೆ, ಕೈಯಲ್ಲಿ ತಿರುಗಿಸೋ ಹಳೇದು, ಮುಳ್ಳು ಈಗಲೂ ಸರಿಯಾಗಿ ತೋರಿಸುತ್ತೆ. ಭಾನುವಾರ ಊಟಕ್ಕೆ ಬಂದಾಗ ತಗೊಂಡು ಹೋಗು.